ಎದುರುಬದುರು ಪುಟಗಳು: ಪ್ರಾಸೆಸ್ ಬುಕ್ ಕಟ್ಟುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಗ್ರಾಫಿಕ್ ಡಿಸೈನ್ ಓದುತ್ತಿರುವವರು ಪ್ರಾಸೆಸ್ ಬುಕ್, ಅಂದರೆ ಒಂದು ವಿನ್ಯಾಸ ಹೇಗೆ ರೂಪುಗೊಂಡಿತೆಂದು ತೋರಿಸುವ ಪುಸ್ತಕದ ವಿಷಯ ಬಂದಾಗ ಮೊದಲು ಕೇಳುವುದು "ಎಷ್ಟು ಪುಟ ಇರಬೇಕು?" ಎಂದು. "ಬೈಂಡಿಂಗ್ ಯಾವುದು ಮಾಡಿಸಲಿ?" ಅನ್ನುವ ಪ್ರಶ್ನೆ ಬರುವುದು ಪುಟಗಳೆಲ್ಲ ಸಿದ್ಧವಾದ ಮೇಲೆ, ಸಲ್ಲಿಸುವ ದಿನ ಹತ್ತಿರ ಬಂದಾಗ. ಪುಟ ಎಷ್ಟಿರಬೇಕೆಂದು ನಾನು ಹೇಳಲಾರೆ, ಅದು ಕೆಲಸವನ್ನು ಅವಲಂಬಿಸಿದೆ. ಆದರೆ ಬೈಂಡಿಂಗ್ ಪ್ರಶ್ನೆಯನ್ನು ಮೊದಲನೇ ಪುಟ ಹಾಕುವ ಮುಂಚೆಯೇ ಕೇಳಬೇಕು. ಯಾಕೆ ಅನ್ನುವುದೇ ಇವತ್ತಿನ ಮಾತು.

ಈ ಪುಸ್ತಕ ಯಾವುದಕ್ಕೆ ಎಂಬಲ್ಲಿಂದ ಶುರು ಮಾಡೋಣ. ನಿಮ್ಮ ಪೋಸ್ಟರೋ ಲಾಂಛನವೋ ಮುಗಿದು ಗೋಡೆಯ ಮೇಲಿರುತ್ತದೆ. ಪ್ರಾಸೆಸ್ ಬುಕ್ ಓದುವವರು, ಅವರು ಮೇಷ್ಟ್ರಾಗಲಿ, ಪರೀಕ್ಷಕರಾಗಲಿ, ನಾಳೆ ಕೆಲಸ ಕೊಡುವವರಾಗಲಿ, ಅದನ್ನು ಮತ್ತೊಮ್ಮೆ ನೋಡಲು ಪುಸ್ತಕ ತೆರೆಯುವುದಿಲ್ಲ. ನೀವು ಯಾವುದನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಅನ್ನುವುದು ಅವರಿಗೆ ಬೇಕು. ಮೂರನೇ ಕರಡುಚಿತ್ರಕ್ಕೂ ನಾಲ್ಕನೆಯದಕ್ಕೂ ನಡುವೆ ಏನಾಯಿತು? ಇದು ತಿಳಿಯಬೇಕಾದರೆ ಎರಡೂ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಮೂರನೆಯದು ಬಲಪುಟದಲ್ಲಿದ್ದು ನಾಲ್ಕನೆಯದು ಅದರ ಬೆನ್ನಿಗಿದ್ದರೆ ಓದುಗ ಹಾಳೆ ಹಿಂದೆ ಮುಂದೆ ತಿರುಗಿಸುತ್ತಾ ಕೂರಬೇಕು. ಯಾರೂ ಕೂರುವುದಿಲ್ಲ.

ಆದ್ದರಿಂದ ಪ್ರಾಸೆಸ್ ಬುಕ್ಕಿನಲ್ಲಿ ಲೆಕ್ಕಕ್ಕೆ ಬರುವುದು ಬಿಡಿ ಪುಟವಲ್ಲ, ತೆರೆದಾಗ ಎದುರುಬದುರು ಕಾಣುವ ಎರಡು ಪುಟ. ಇದು ಹೊಸ ವಿಚಾರವೇನೂ ಅಲ್ಲ. 1891ರಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಎಂಬ ಮುದ್ರಣಾಲಯ ಆರಂಭಿಸಿದ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ ಕೂಡ ಪುಸ್ತಕದ ಘಟಕ ಈ ಜೋಡಿಪುಟವೇ ಎಂದು ವಾದಿಸಿದವರು. ಅವರು ಹಾಗೆ ಹೇಳಿದ್ದು ಎರಡು ಪುಟದ ಅಕ್ಷರಗಳು ಸೇರಿ ಒಂದು ಚೆಲುವಾದ ಆಕಾರ ಆಗಲಿ ಎಂದು. ನಮಗೆ ಚೆಲುವಿಗಿಂತ ಹೋಲಿಕೆ ಮುಖ್ಯ.

ಜೋಡಿಪುಟ ಲೆಕ್ಕ ಎಂದು ಒಪ್ಪಿದರೆ ಸಾಮಗ್ರಿ ಆರಿಸುವುದು ಅರ್ಧ ಸಲೀಸಾಗುತ್ತದೆ. ಇರುವ ಸ್ಕೆಚ್, ಪ್ರಿಂಟ್, ಫೋಟೋಗಳನ್ನೆಲ್ಲ ಸಣ್ಣದಾಗಿ ಮುದ್ರಿಸಿ, ಕತ್ತರಿಸಿ, ನೆಲದ ಮೇಲೆ ಹರಡಿ. ಕಂಪ್ಯೂಟರ್ ಪರದೆಯ ಮೇಲೆ ಇದನ್ನು ಮಾಡಲು ಹೋಗಬೇಡಿ, ಅಲ್ಲಿ ಒಟ್ಟು ನೋಟ ಸಿಗುವುದಿಲ್ಲ. ಜೊತೆಗಾರ ಸಿಕ್ಕಿದ್ದನ್ನು ಜೋಡಿ ಮಾಡಿ. ಯಾವುದರ ಜೊತೆಗೂ ನಿಲ್ಲದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬಹುಶಃ ಈ ಪುಸ್ತಕದ್ದಲ್ಲ. ನಲವತ್ತು ಪುಟ್ಟ ಸ್ಕೆಚ್‌ಗಳಿದ್ದರೆ ಅಷ್ಟನ್ನೂ ಅಂಚೆಚೀಟಿ ಗಾತ್ರದಲ್ಲಿ ಎಡಪುಟಕ್ಕೆ ತುಂಬಿ, ಅವುಗಳಲ್ಲಿ ಮುಂದುವರಿದ ಒಂದನ್ನು ಬಲಪುಟದಲ್ಲಿ ಒಂಟಿಯಾಗಿ ನಿಲ್ಲಿಸಿ. ಏನಾಯಿತೆಂದು ಆ ಪುಟವೇ ಹೇಳುತ್ತದೆ.

ಚಿತ್ರದ ಕೆಳಗಿನ ಬರಹ ಕೂಡ ಕಾರಣ ಹೇಳಬೇಕು. "ಇದು ನನ್ನ ಎರಡನೇ ಪ್ರಯತ್ನ" ಅನ್ನುವುದು ಪುಟಸಂಖ್ಯೆ ನೋಡಿದರೂ ಗೊತ್ತಾಗುತ್ತದೆ. "16 ಮಿಲಿಮೀಟರಿಗೆ ಇಳಿಸಿದಾಗ ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿಹೋಯಿತು, ಅದಕ್ಕೇ ಗೆರೆ ತೆಳುಮಾಡಿದೆ" ಎಂದರೆ ಅದು ಮಾತು. ಸ್ಕೆಚ್ ಮಾಡಿದ ದಿನವೇ ಮೂಲೆಯಲ್ಲಿ ತಾರೀಖು ಹಾಕಿಕೊಳ್ಳಿ, ಆಮೇಲೆ ನೆನಪು ಎಲ್ಲವನ್ನೂ ಅನುಕೂಲದ ಕ್ರಮದಲ್ಲಿ ಜೋಡಿಸಿಬಿಡುತ್ತದೆ. ಕೆಲವರು ಕೆಲಸ ಮುಗಿದ ಮೇಲೆ "ಆರಂಭದ ಸ್ಕೆಚ್" ಬರೆಯುತ್ತಾರೆ. ಅದು ಮೇಷ್ಟ್ರಿಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಆ ಗೆರೆಗಳಲ್ಲಿ ಅನುಮಾನವೇ ಇರುವುದಿಲ್ಲ.

ಸ್ಕ್ಯಾನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅದೇ ಅಳತೆಯಲ್ಲಿ ಮುದ್ರಿಸುವುದಾದರೆ 300 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು, ಎರಡು ಪಟ್ಟು ಹಿಗ್ಗಿಸುವುದಾದರೆ 600 ಬೇಕು. ಸ್ಕ್ಯಾನರಿನ ಆಟೋ ಸೆಟ್ಟಿಂಗ್ ತೆಗೆದುಹಾಕಿ, ಅದು ಪೆನ್ಸಿಲಿನ ತೆಳು ಗೆರೆಗಳನ್ನು ಕೊಳೆ ಎಂದು ಭಾವಿಸಿ ಒರೆಸಿಬಿಡುತ್ತದೆ. ಹಾಳೆಯ ಬಣ್ಣವನ್ನು ಅಚ್ಚ ಬಿಳಿ ಮಾಡುವ ಅವಸರವೂ ಬೇಡ. ಹಾಳೆಯ ಅಂಚು ಸಹಿತ ತೋರಿಸಿದರೆ ಸ್ಕೆಚ್ ಒಂದು ವಸ್ತುವಾಗಿ ಉಳಿಯುತ್ತದೆ, ಇಲ್ಲವಾದರೆ ಗೆರೆಗಳು ಗಾಳಿಯಲ್ಲಿ ತೇಲುತ್ತವೆ.

ಈಗ ಅಳತೆ. ಎ4, ಎ5 ಎಂದು ನಾವು ಕರೆಯುವ ಹಾಳೆಗಳ ಉದ್ದಗಲದ ಅನುಪಾತ ಒಂದಕ್ಕೆ ಎರಡರ ವರ್ಗಮೂಲ. ಜರ್ಮನಿಯ ವಿಜ್ಞಾನಿ ಲಿಚ್ಟೆನ್‌ಬರ್ಗ್ 1786ರ ಒಂದು ಪತ್ರದಲ್ಲೇ ಇದರ ಗುಣವನ್ನು ಗುರುತಿಸಿದ್ದರು. ಅರ್ಧಕ್ಕೆ ಮಡಿಸಿದರೂ ಆಕಾರ ಬದಲಾಗದು. 1922ರಲ್ಲಿ ಅದು ಜರ್ಮನಿಯ ಮಾನಕವಾಯಿತು. ಹೋಲಿಕೆಯ ಪುಸ್ತಕಕ್ಕೆ ಇದರಿಂದ ನೇರ ಲಾಭವಿದೆ. ಎ5 ಪುಸ್ತಕ ತೆರೆದಿಟ್ಟರೆ ಜೋಡಿಪುಟ ಸರಿಯಾಗಿ ಒಂದು ಎ4. ನೀವು ಎ4 ಹಾಳೆಯಲ್ಲಿ ಬರೆದ ಸ್ಕೆಚ್ಚನ್ನು ಒಂದಿಷ್ಟೂ ಕುಗ್ಗಿಸದೆ, ನಿಜ ಅಳತೆಯಲ್ಲೇ ಅಲ್ಲಿ ಹರಡಬಹುದು. ಚೌಕಾಕಾರದ ಪುಸ್ತಕ ಕಪಾಟಿನಲ್ಲಿ ಚೆಂದ ಕಾಣುತ್ತದೆ, ನಿಜ. ಕಾಗದ ಕತ್ತರಿಸಿ ಎಸೆಯುವುದು ಜಾಸ್ತಿ, ಲಾಭ ಏನೆಂದು ನನಗೆ ಇನ್ನೂ ಹೊಳೆದಿಲ್ಲ.

ಹೀಗೆ ಹರಡಿದ ಸ್ಕೆಚ್ಚಿನ ನಟ್ಟನಡುವೆ ಒಂದು ಮಡಿಕೆ ಬರುತ್ತದಲ್ಲ, ಅಲ್ಲಿಗೆ ಬೈಂಡಿಂಗ್ ಪ್ರಶ್ನೆ ಬಂತು. ಇಲ್ಲಿ ಕೆಲವು ಡಮ್ಮಿಗಳನ್ನು, ಅಂದರೆ ಮಾದರಿ ಪುಸ್ತಕಗಳನ್ನು ತಂದಿದ್ದೇನೆ, ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಎಲ್ಲವನ್ನೂ ನಡುಮಧ್ಯೆ ತೆರೆದು ಮೇಜಿನ ಮೇಲೆ ಇಡಿ, ಕೈ ತೆಗೆಯಿರಿ.

ಗಮ್ ಹಾಕಿದ್ದು, ಅಂದರೆ ಪರ್ಫೆಕ್ಟ್ ಬೈಂಡಿಂಗ್, ತಾನಾಗಿ ಮುಚ್ಚಿಕೊಂಡಿತು. ಅದರಲ್ಲಿ ಹಾಳೆಗಳ ಬೆನ್ನನ್ನು ಉಜ್ಜಿ ಒರಟು ಮಾಡಿ ಬಿಸಿ ಗಮ್ಮಿನಿಂದ ರಟ್ಟಿಗೆ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ಬೇಗ ಆಗುತ್ತದೆ, ಬೆನ್ನು ಚಪ್ಪಟೆಯಾಗಿರುವುದರಿಂದ ಹೆಸರು ಮುದ್ರಿಸಬಹುದು. ಆದರೆ ಪ್ರತಿ ಪುಟದ ಒಳ ಅಂಚಿನಲ್ಲಿ ಕಡಿಮೆಯೆಂದರೂ ಐದಾರು ಮಿಲಿಮೀಟರ್ ಕಣ್ಣಿಗೆ ಕಾಣದೆ ಹೋಗುತ್ತದೆ. ಎರಡೂ ಪುಟಕ್ಕೆ ಹರಡಿದ ಲಾಂಛನ ನಡುವೆ ಸೊರಗುತ್ತದೆ. ಪಿಯುಆರ್ ಎಂಬ ಗಮ್ ಬಳಸಿದರೆ ಇನ್ನಷ್ಟು ಚೆನ್ನಾಗಿ ತೆರೆದುಕೊಳ್ಳುತ್ತದೆ, ಪುಟ ಕಿತ್ತುಬರುವುದೂ ಕಡಿಮೆ, ಆದರೆ ಅದು ಎಲ್ಲ ಕಡೆ ಇರುವುದಿಲ್ಲ.

ಜಪಾನಿ ಹೊಲಿಗೆ ಎಂದು ವಿದ್ಯಾರ್ಥಿಗಳು ಇಷ್ಟಪಟ್ಟು ಮಾಡುವ ಪಕ್ಕಹೊಲಿಗೆ ನೋಡಲು ಸೊಗಸು. ಪ್ರಾಸೆಸ್ ಬುಕ್ಕಿಗೆ ಅದರಷ್ಟು ಹೊಂದದ್ದು ಇನ್ನೊಂದಿಲ್ಲ. ರಂಧ್ರಗಳು ಬೆನ್ನಿನಿಂದ ಒಂದು ಸೆಂಟಿಮೀಟರಿನಷ್ಟು ಒಳಗೆ ಬರುವುದರಿಂದ ಆ ಪಟ್ಟಿಯಷ್ಟೂ ಜಾಗ ಸತ್ತಂತೆ, ಮೇಲಾಗಿ ಪುಸ್ತಕ ಚಪ್ಪಟೆಯಾಗಿ ಮಲಗುವುದೇ ಇಲ್ಲ. ಅದು ಮೂಲತಃ ಬಳುಕುವ ತೆಳು ಕಾಗದಕ್ಕೆ ಹೇಳಿಮಾಡಿಸಿದ ಹೊಲಿಗೆ. ದಪ್ಪ ಕಾಗದಕ್ಕೆ ಹಾಕಿ ಆಮೇಲೆ ಹೊಲಿಗೆಯನ್ನು ಬೈದರೆ ಆಗದು.

ಮಧ್ಯಕ್ಕೆ ಪಿನ್ ಹೊಡೆದದ್ದು ಚೆನ್ನಾಗಿಯೇ ಮಲಗುತ್ತದೆ, ಪುಟ ಕಡಿಮೆಯಿದ್ದರೆ ಇದೇ ಸಾಕು. ಪುಟಗಳು ನಾಲ್ಕರ ಗುಣಕದಲ್ಲಿರಬೇಕು, ಅಷ್ಟೇ ಷರತ್ತು. ಹಾಳೆಗಳು ಒಂದರೊಳಗೊಂದು ಕೂರುವುದರಿಂದ ಒಳಗಿನವು ಹೊರಕ್ಕೆ ಚಾಚುತ್ತವೆ. 0.12 ಮಿಲಿಮೀಟರ್ ದಪ್ಪದ ಹನ್ನೆರಡು ಹಾಳೆ, ಅಂದರೆ 48 ಪುಟ ಆದಾಗ, ನಟ್ಟನಡುವಿನ ಹಾಳೆ ಸುಮಾರು 1.3 ಮಿಲಿಮೀಟರ್ ಹೊರಗಿರುತ್ತದೆ. ಕಟಿಂಗ್ ಆದಮೇಲೆ ಆ ಪುಟ ಅಷ್ಟು ಕಿರಿದಾಗುತ್ತದೆ. ಹೊರ ಅಂಚಿಗೆ ಅಂಟಿಕೊಂಡಂತೆ ಪುಟಸಂಖ್ಯೆ ಹಾಕಿದವರಿಗೆ ಇದು ತಕ್ಷಣ ಕಾಣುತ್ತದೆ.

ನನ್ನ ಒಲವು ಇರುವುದು ಬೆನ್ನು ತೆರೆದ ಹೊಲಿಗೆಯ ಕಡೆ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಕ್ರಿಸ್ತಶಕದ ಆರಂಭದ ಶತಮಾನಗಳಲ್ಲೇ ಬಳಸುತ್ತಿದ್ದ ಸರಪಳಿ ಹೊಲಿಗೆ ಇದು. ಫಾರಂಗಳನ್ನು, ಅಂದರೆ ಒಟ್ಟಿಗೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ಒಂದಕ್ಕೊಂದು ದಾರದಲ್ಲೇ ಕಟ್ಟುತ್ತೀರಿ. ಯಾವ ಪುಟ ತೆರೆದರೂ ಅದು ನಿಶ್ಚಿಂತೆಯಿಂದ ಮಲಗುತ್ತದೆ. ಬೆನ್ನಿನಲ್ಲಿ ಹೊಲಿಗೆ ಕಾಣುತ್ತದೆ ಎಂದು ಕೆಲವರಿಗೆ ಮುಜುಗರ. ಕೆಲಸದ ಹಾದಿ ತೋರಿಸುವ ಪುಸ್ತಕದಲ್ಲಿ ಹೊಲಿಗೆ ಮುಚ್ಚಿಡುವ ಅಗತ್ಯವೇನೋ ನನಗೆ ತಿಳಿಯದು.

ಹೊಲಿದ ಪುಸ್ತಕದಲ್ಲೂ ಒಂದು ಸೂಕ್ಷ್ಮವಿದೆ. ನಾಲ್ಕು ಹಾಳೆ ಮಡಿಸಿದ ಹದಿನಾರು ಪುಟದ ಫಾರಂ ತೆಗೆದುಕೊಳ್ಳಿ. ಅದರಲ್ಲಿ 8 ಮತ್ತು 9ನೇ ಪುಟ ಮಾತ್ರ ಒಂದೇ ಹಾಳೆಯ ಒಂದೇ ಮಗ್ಗುಲು. ಮುಂದಿನ ಫಾರಂನಲ್ಲಿ 24–25, ಅದರ ಮುಂದೆ 40–41. ಉಳಿದ ಎಲ್ಲ ಜೋಡಿಪುಟಗಳ ಎಡಭಾಗ ಒಂದು ಹಾಳೆಯಲ್ಲಿ, ಬಲಭಾಗ ಇನ್ನೊಂದರಲ್ಲಿ ಅಚ್ಚಾಗಿರುತ್ತದೆ. ಬಣ್ಣ ಕೊಂಚ ಆಚೀಚೆ ಆಗಬಹುದು, ಗೆರೆ ಒಂದು ಮಿಲಿಮೀಟರಿನಷ್ಟು ಜಾರಬಹುದು. ಪ್ರಿಂಟಿಂಗಿನವರನ್ನು ದೂರಿ ಪ್ರಯೋಜನವಿಲ್ಲ, ಯಂತ್ರದ ಸ್ವಭಾವವೇ ಹಾಗೆ. ಹಾಗಾಗಿ ನಡುಗೆರೆ ದಾಟುವ ಸೂಕ್ಷ್ಮ ಚಿತ್ರಗಳನ್ನು ಆ ನಡುಪುಟಗಳಿಗೆ ಬರುವಂತೆ ಹೊಂದಿಸಿ. ಬೇರೆ ಕಡೆ ಚಿತ್ರವನ್ನು ಎಡ ಬಲ ಬೇರೆಬೇರೆಯಾಗಿಯೇ ಇಡಿ, ಹೋಲಿಕೆಗೆ ಅದೇ ಒಳ್ಳೆಯದು. ಬೈಂಡಿಂಗ್ ಮೊದಲೇ ತೀರ್ಮಾನಿಸಿ ಎಂದಿದ್ದು ಇದಕ್ಕೇ. ಯಾವ ವಿಷಯ ಯಾವ ಪುಟಕ್ಕೆ ಅನ್ನುವುದೂ ಹೊಲಿಗೆಯ ಜೊತೆ ಸೇರಿಕೊಂಡಿದೆ.

ಕಾಗದಕ್ಕೆ ಬರೋಣ. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದಷ್ಟೇ. ತೂಕ ಒಂದೇ ಇದ್ದರೂ ಒಂದು ಕಾಗದ ಉಬ್ಬಿಕೊಂಡಿರಬಹುದು, ಇನ್ನೊಂದು ಒತ್ತಾಗಿರಬಹುದು, ಆದ್ದರಿಂದ ಬೆನ್ನಿನ ದಪ್ಪ ಲೆಕ್ಕ ಹಾಕುವಾಗ ಹಾಳೆಯ ನಿಜವಾದ ದಪ್ಪವನ್ನೇ ಕೇಳಿ. ನಮಗೆ ಮುಖ್ಯವಾದದ್ದು ಹಿಂದಿನ ಪುಟದ ಚಿತ್ರ ಮುಂದಕ್ಕೆ ಇಣುಕಬಾರದು ಅನ್ನುವುದು. ಎಡಪುಟದ ಹಗುರ ಪೆನ್ಸಿಲ್ ಗೆರೆಯ ಹಿಂದೆ ಕಪ್ಪು ಪೋಸ್ಟರಿನ ನೆರಳು ಕಂಡರೆ ಹೋಲಿಕೆ ಕೆಟ್ಟಿತು. 80 ಜಿಎಸ್ಎಂನಲ್ಲಿ ಇದು ಆಗಿಯೇ ಆಗುತ್ತದೆ. 100ರಿಂದ 120ರವರೆಗೆ ಲೇಪನವಿಲ್ಲದ ಕಾಗದ ನನಗೆ ಹಿಡಿಸುತ್ತದೆ, ತೀರಾ ದಪ್ಪವಾದರೆ ಪುಟ ತಿರುಗದು.

ಆಮೇಲೆ ಗ್ರೇನ್. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕು ಬೆನ್ನಿಗೆ ಸಮಾನಾಂತರವಾಗಿದ್ದರೆ ಪುಟ ಮೃದುವಾಗಿ ಬಾಗುತ್ತದೆ, ಮಡಿಕೆ ಶುಭ್ರವಾಗಿ ಬರುತ್ತದೆ. ಅಡ್ಡಲಾಗಿದ್ದರೆ ಮಡಿಕೆ ಬಿರುಕುಬಿಡುತ್ತದೆ, ತೇವ ತಾಗಿದಾಗ ಬೆನ್ನಿನ ಬಳಿ ಹಾಳೆ ಸುಕ್ಕಾಗುತ್ತದೆ. ಪತ್ತೆ ಮಾಡುವುದು ಕಷ್ಟವಲ್ಲ, ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ಅಂಗೈಯಿಂದ ಒತ್ತಿ ನೋಡಿ. ಸುಲಭವಾಗಿ ಬಾಗಿದ ಕಡೆ ಮಡಿಕೆಯ ಗೆರೆ ಯಾವ ದಿಕ್ಕಿಗಿದೆಯೋ ಅದೇ ಗ್ರೇನ್. ಸಾಮಾನ್ಯ ಎ4 ಹಾಳೆಗಳಲ್ಲಿ ಗ್ರೇನ್ ಹೆಚ್ಚಾಗಿ ಉದ್ದಕ್ಕಿರುತ್ತದೆ. ಅದನ್ನು ಮಡಿಸಿ ಎ5 ಮಾಡಿದರೆ ಬೆನ್ನಿಗೆ ಅಡ್ಡ ಬಂತು! ಉದ್ದ ಗ್ರೇನಿನ ಎ3 ತಂದು ಎರಡು ಎ4 ಆಗಿ ಕತ್ತರಿಸಿಕೊಂಡರೆ ಗ್ರೇನ್ ಗಿಡ್ಡ ಬದಿಗೆ ಬರುತ್ತದೆ, ಮಡಿಸಿದಾಗ ಬೆನ್ನಿನ ಗುಂಟ ನಿಲ್ಲುತ್ತದೆ.

ಮುದ್ರಣಕ್ಕೆ ಕೊಡುವ ಪಿಡಿಎಫ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಹೊರಗಿನವರಿಗೆ ಕೊಡುವುದಾದರೆ ಬಿಡಿ ಪುಟಗಳಾಗಿಯೇ ಕೊಡಿ. ಜೋಡಿ ಮಾಡಿ ಕೊಟ್ಟರೆ ಅವರು ಫಾರಂ ಹೊಂದಿಸಲು ಒದ್ದಾಡುತ್ತಾರೆ. ಅಂಚಿನವರೆಗೆ ಹೋಗುವ ಚಿತ್ರಕ್ಕೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು ಬಿಡಿ. ಸಣ್ಣ ಅಕ್ಷರಗಳು ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಹುಟ್ಟುತ್ತದೆ. ಡಿಜಿಟಲ್ ಪ್ರಿಂಟಿನಲ್ಲಿ ಟೋನರ್ ಎಂಬ ಪುಡಿಶಾಯಿ ಕಾಗದದ ಮೇಲೆ ಪದರವಾಗಿ ಕೂರುವುದರಿಂದ ಗಾಢ ಬಣ್ಣ ತುಂಬಿದ ಕಡೆ ಮಡಿಸಿದರೆ ಬಿರಿದು ಬಿಳಿ ಗೆರೆ ಕಾಣುತ್ತದೆ. ರಕ್ಷಾಪುಟಕ್ಕೆ ಕಡುಬಣ್ಣ ಬಯಸುವವರು ಮೊದಲು ಗೀರು ಹಾಕಿಸಿ ಆಮೇಲೆ ಮಡಿಸಿ, ಇಲ್ಲವೇ ಬಣ್ಣದ ಕಾಗದವನ್ನೇ ತನ್ನಿ. ಕನ್ನಡದಲ್ಲಿ ಬರೆಯುವವರು ಸಾಲಿನ ಅಂತರವನ್ನು ಇಂಗ್ಲಿಷಿನ ಅಭ್ಯಾಸದಿಂದ ಇಡಬೇಡಿ. ಒತ್ತಕ್ಷರ ಕೆಳಗಿಳಿದು, ಮುಂದಿನ ಸಾಲಿನ ಗುಡಿಸು ಮೇಲೇರಿ ಒಂದಕ್ಕೊಂದು ತಾಗುತ್ತವೆ.

ಹೊಲಿಗೆಯ ದಿನ ಬೇಕಾಗುವುದು ಸೂಜಿ, ಮೇಣ ಸವರಿದ ನೂಲು, ದಬ್ಬಳ, ಹೊಸ ಬ್ಲೇಡು, ಉಕ್ಕಿನ ಅಳತೆಪಟ್ಟಿ. ರಂಧ್ರದ ಅಳತೆಗೆ ಒಂದು ರಟ್ಟಿನ ಪಟ್ಟಿ ಮಾಡಿಟ್ಟುಕೊಂಡು ಎಲ್ಲ ಫಾರಂಗಳಿಗೂ ಅದನ್ನೇ ಬಳಸಿ. ಪ್ರತಿ ಫಾರಂಗೆ ಬೇರೆಬೇರೆ ಅಳೆಯಲು ಹೋದರೆ ಬೆನ್ನು ಸೊಟ್ಟಗಾಗುತ್ತದೆ. ದಾರ ಎಳೆಯುವಾಗ ಬೆನ್ನಿನ ಗುಂಟ ಎಳೆಯಿರಿ, ನೇರ ನಿಮ್ಮ ಕಡೆ ಎಳೆದರೆ ರಂಧ್ರ ಹರಿಯುತ್ತದೆ. ರಟ್ಟಿಗೆ ಕಾಗದ ಅಂಟಿಸಿದ ಮೇಲೆ ಒಳಬದಿಗೂ ಕಾಗದ ಅಂಟಿಸಿ, ಇಲ್ಲವಾದರೆ ಒಣಗುವಾಗ ರಟ್ಟು ಒಂದೇ ಕಡೆಗೆ ಬಾಗುತ್ತದೆ. ರಾತ್ರಿಯಿಡೀ ಭಾರ ಹೇರಿ ಇಡಿ. ಅಂಚು ಕತ್ತರಿಸುವಾಗ ಒಂದೇ ಏಟಿಗೆ ಮುಗಿಸುವ ಆಸೆ ಬೇಡ, ಹಗುರವಾಗಿ ಹತ್ತಾರು ಸಲ ಬ್ಲೇಡು ಎಳೆಯಿರಿ. ಕಾಪ್ಟಿಕ್ ಪುಸ್ತಕವನ್ನು ಹೊಲಿದ ಮೇಲೆ ಕತ್ತರಿಸಲು ಆಗುವುದಿಲ್ಲ, ರಟ್ಟು ಅಡ್ಡ ಬರುತ್ತದೆ. ಒಂದೊಂದು ಫಾರಂ ಅನ್ನೂ ಹೊಲಿಯುವ ಮುಂಚೆಯೇ ಕತ್ತರಿಸಿಕೊಳ್ಳಿ.

ಇಷ್ಟಕ್ಕೂ ಮುಂಚೆ, ಪುಟ ವಿನ್ಯಾಸದ ಸಾಫ್ಟ್‌ವೇರ್ ತೆರೆಯುವ ಮುಂಚೆ, ಅದೇ ಕಾಗದದಲ್ಲಿ, ಅಷ್ಟೇ ಪುಟದ, ಏನೂ ಅಚ್ಚಿಲ್ಲದ ಒಂದು ಡಮ್ಮಿ ಹೊಲಿದುಕೊಳ್ಳಿ. ಪುಟಸಂಖ್ಯೆಗಳನ್ನು ಪೆನ್ಸಿಲಿನಲ್ಲಿ ಬರೆದು, ಯಾವ ಜೋಡಿ ಎಲ್ಲಿಗೆ ಎಂದು ಅದರಲ್ಲೇ ಗುರುತು ಮಾಡಿ. ಹೊಲಿದ ನಡುಪುಟ ಎಲ್ಲಿ ಬರುತ್ತದೆ, ಒಳ ಅಂಚು ಎಷ್ಟು ಬಿಡಬೇಕು ಎಂಬುದಕ್ಕೆ ಅದೇ ಉತ್ತರ ಕೊಡುತ್ತದೆ. ಸಲ್ಲಿಸುವಾಗ ಆ ಡಮ್ಮಿಯನ್ನೂ ಜೊತೆಗಿಡಿ, ಪರೀಕ್ಷಕರು ಅದನ್ನೇ ಮೊದಲು ಕೈಗೆತ್ತಿಕೊಂಡರೂ ಆಶ್ಚರ್ಯವಿಲ್ಲ.

ಇವತ್ತಿಗೆ ನಾನು ಅಂದುಕೊಂಡದ್ದು ಇಷ್ಟು. ಹೊಲಿಗೆ ಕೈಯಾರೆ ಮಾಡಿ ನೋಡಬೇಕು ಅನ್ನುವವರು ಮುಂದೆ ಬನ್ನಿ, ಸೂಜಿ ನೂಲು ಇಲ್ಲೇ ಇವೆ. ಪ್ರಶ್ನೆಗಳಿದ್ದವರು ಹೊಲಿಯುತ್ತಲೇ ಕೇಳಬಹುದು.