ಡಬಲ್ ಕ್ಲಿಕ್ ಮಾಡಿದರೆ ಏನೂ ಆಗಲಿಲ್ಲ: ದೊಡ್ಡಪ್ಪನ ಹಳೇ ಕಂಪ್ಯೂಟರ್

ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿರುವ ಈ ಸಿಪಿಯು ನಮ್ಮ ದೊಡ್ಡಪ್ಪನದ್ದು. 2010ರಲ್ಲಿ ತಗೊಂಡಿದ್ದು. ವಿಂಡೋಸ್ 7, 32 ಬಿಟ್, 2 ಜಿಬಿ ರ್‍ಯಾಮ್. ಮುಂದಿನ ವಾರ ಅವರ ಭೀಮರಥ ಶಾಂತಿ, ಎಪ್ಪತ್ತು ತುಂಬಿತು. ಹಳೇ ಫೋಟೋಗಳನ್ನೆಲ್ಲ ತಾವೇ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಅವನ್ನು ಸ್ಲೈಡ್‌ಶೋ ಮಾಡಿ ಟಿವಿಯಲ್ಲಿ ತೋರಿಸಬೇಕಂತೆ.

"ಫೋನಲ್ಲೇ ಮಾಡಿಕೊಡ್ತೀನಿ ದೊಡ್ಡಪ್ಪ" ಅಂದೆ.

"ಬೇಡ ಕಣೋ, ನಾನೇ ಮಾಡಬೇಕು. ಮೌಸ್ ಇದ್ದರೇ ನನಗೆ ಕೈ ಓಡೋದು."

ಸರಿ, ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗಿತ್ತು. ಡಬಲ್ ಕ್ಲಿಕ್ ಮಾಡಿದೆ. ಬಾಣದ ಪಕ್ಕ ನೀಲಿ ಬಳೆ ಎರಡು ಸುತ್ತು ತಿರುಗಿ ಮಾಯವಾಯಿತು. ಅಷ್ಟೇ. ಎರರ್ ಇಲ್ಲ, ಏನಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ "ರ್‍ಯಾಮ್ ಸಾಲಲ್ಲ, ಗುಜರಿಗೆ ಹಾಕಿ" ಅಂದ. ಹಳೇ ಕಂಪ್ಯೂಟರ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಇದೇ ಮಾತು, ಆದರೆ ರ್‍ಯಾಮ್ ಸಾಲದಿದ್ದರೆ ಸಾಮಾನ್ಯವಾಗಿ ನಿಧಾನ ಆಗುತ್ತೆ, ಹೀಗೆ ಸದ್ದಿಲ್ಲದೆ ಸಾಯಲ್ಲ, ಅಲ್ವಾ?

ಡೆಸ್ಕ್‌ಟಾಪ್ ಐಕಾನ್ ಬಿಟ್ಟು ಪ್ರೋಗ್ರಾಂ ಫೈಲ್ಸ್ ಒಳಗೆ ಹೋದೆ. ಆ ಐಕಾನ್ ಬರೀ ಒಂದು ಲಾಂಚರ್, ನಿಜವಾದ ಪ್ರೋಗ್ರಾಂ ಒಳಗೆ ಬೇರೆಯೇ ಇತ್ತು. ಅದನ್ನು ನೇರವಾಗಿ ಒತ್ತಿದೆ ನೋಡಿ, ಆಗ ಬಾಯಿ ಬಿಟ್ಟಿತು: ಎಪಿಐ-ಎಂಎಸ್-ವಿನ್-ಸಿಆರ್‌ಟಿ ಅಂತ ಶುರುವಾಗುವ, ಪ್ರೋಗ್ರಾಂ ಓಡೋಕೆ ಬೇಕಾದ ಸಹಾಯಕ ಕೋಡ್ ಇರುವ ಒಂದು ಡಿಎಲ್‌ಎಲ್ ಫೈಲ್ ಇಲ್ಲ.

ಇಲ್ಲಿ ಹುಷಾರು. ಆ ಹೆಸರು ಹುಡುಕಿದರೆ ಅದೊಂದೇ ಫೈಲ್ ಕೊಡುವ ಸೈಟುಗಳು ಸಾಲಾಗಿ ಬರುತ್ತವೆ. ಮುಟ್ಟಬೇಡಿ. ಅದು ಒಂಟಿ ಫೈಲ್ ಅಲ್ಲ, ಅದಕ್ಕೆ ದೊಡ್ಡ ಬಳಗವೇ ಇದೆ. ಯೂನಿವರ್ಸಲ್ ಸಿ ರನ್‌ಟೈಮ್ ಅಂತ ಅದರ ಹೆಸರು, ಎಷ್ಟೋ ಪ್ರೋಗ್ರಾಂಗಳು ಓಡೋಕೆ ಬೇಕಾದ ಫೈಲುಗಳ ಗುಂಪು. ವಿಂಡೋಸ್ 10ರಲ್ಲಿ ಜೊತೆಗೇ ಬರುತ್ತೆ, 7ಕ್ಕೆ ನಾವೇ ಹಾಕಬೇಕು. ವಿಷುವಲ್ ಸಿ ಪ್ಲಸ್ ಪ್ಲಸ್ 2015 ರೀಡಿಸ್ಟ್ರಿಬ್ಯೂಟಬಲ್ ಅನ್ನುವ ಮೈಕ್ರೋಸಾಫ್ಟ್ ಪ್ಯಾಕೇಜ್ ಹಾಕಿದರೆ ಇದೂ ಬರುತ್ತೆ. ಸಾಫ್ಟ್‌ವೇರ್ 32 ಬಿಟ್ ಆಗಿದ್ದರೆ ಅದರ ಎಕ್ಸ್86, ಅಂದರೆ 32 ಬಿಟ್‌ದು, ಅದೇ ಫೈಲ್ ಬೇಕು, ನಿಮ್ಮ ವಿಂಡೋಸ್ 64 ಬಿಟ್ ಇದ್ದರೂ ಅಷ್ಟೇ.

ಹಾಕಿದೆ. ಅದೂ ಫೇಲ್! 80240017 ಅಂತ ಮುಗಿಯುವ ಒಂದು ಕೋಡ್. ದೊಡ್ಡಪ್ಪ ಆಮಂತ್ರಣ ಪತ್ರಿಕೆಯ ಹಿಂದೆ ಅದನ್ನು ಬರೆದುಕೊಂಡರು, ಗ್ಯಾಸ್ ಬುಕಿಂಗ್ ನಂಬರ್ ಪಕ್ಕದಲ್ಲೇ.

ವಿಂಡೋಸ್ ಕೀ ಜೊತೆ ಆರ್ ಒತ್ತಿ ವಿನ್‌ವರ್ ಅಂತ ಟೈಪ್ ಮಾಡಿದೆ. ವಿಂಡೋಸ್ ಯಾವ ವರ್ಷನ್ ಅಂತ ತೋರಿಸಿತು: ಬಿಲ್ಡ್ 7600. ಅಲ್ಲೇ ಸಿಕ್ಕಿತು ಕಳ್ಳ. ಸರ್ವಿಸ್ ಪ್ಯಾಕ್ 1, ಅಂದರೆ ವಿಂಡೋಸ್‌ನ ಅಪ್‌ಡೇಟ್‌ಗಳ ದೊಡ್ಡ ಕಟ್ಟು, ಇದ್ದಿದ್ದರೆ 7601 ಅಂತ ಇರಬೇಕಿತ್ತು. ಅದು ಬಂದಿದ್ದು 2011ರಲ್ಲಿ, ಇವರು ತಗೊಂಡಿದ್ದು ಒಂದು ವರ್ಷ ಮೊದಲು, ಇಂಟರ್ನೆಟ್ ಕನೆಕ್ಷನ್ ಕೊಟ್ಟೇ ಇಲ್ಲ. ಸರ್ವಿಸ್ ಪ್ಯಾಕ್ ಇಲ್ಲದೆ ಆ ರನ್‌ಟೈಮ್ ಕೂರೋದೇ ಇಲ್ಲ.

ಈಗಲೂ ನಾನು ಇದಕ್ಕೆ ನೆಟ್ ಕೊಡಲಿಲ್ಲ. ವಿಂಡೋಸ್ 7ಗೆ 2020ರ ಜನವರಿ 14ಕ್ಕೇ ಸಪೋರ್ಟ್ ನಿಂತಿದೆ, ಸುಮ್ನೆ ಯಾಕೆ ರಿಸ್ಕ್? ಸರ್ವಿಸ್ ಪ್ಯಾಕನ್ನು ಫೋನಲ್ಲಿ ಮೈಕ್ರೋಸಾಫ್ಟ್‌ನದ್ದೇ ಸೈಟಿಂದ ಇಳಿಸಿಕೊಂಡೆ, 32 ಬಿಟ್‌ದು ಐನೂರು ಎಂಬಿಗಿಂತ ಜಾಸ್ತಿ. ಸಿಗ್ನಲ್ ಹುಡುಕಿಕೊಂಡು ಅಂಗಳದ ಮೂಲೆಯಲ್ಲಿ, ಹಲಸಿನ ಮರದ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದೆ. ಆಮೇಲೆ ಕೇಬಲ್ ಹಾಕಿ ಕಾಪಿ ಮಾಡಿದೆ. ಸಿ ಡ್ರೈವ್‌ನಲ್ಲಿ ಜಾಗ ಮಾಡಬೇಕಾಯಿತು. ಇನ್‌ಸ್ಟಾಲ್ ಆಗುವಷ್ಟು ಹೊತ್ತೂ ಕರೆಂಟ್ ಹೋಗದಿರಲಿ ಅಂತ ದೊಡ್ಡಮ್ಮ ದೇವರಿಗೆ ಒಂದು ತುಪ್ಪದ ದೀಪ ಹಚ್ಚಿದರು. ತಮಾಷೆ ಅಲ್ಲ, ನಿಜವಾಗಿ. ಯುಪಿಎಸ್ ಕೆಟ್ಟು ನಾಲ್ಕು ವರ್ಷ ಆಗಿದೆ.

ಅದಾದ ಮೇಲೆ ರನ್‌ಟೈಮ್, ರೀಸ್ಟಾರ್ಟ್, ಡಬಲ್ ಕ್ಲಿಕ್. ಬಂತು!

ಹಾಂ, ಅಣ್ಣ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿಯ, ಸ್ಕ್ಯಾನುಗಳನ್ನು ಹಾಗೇ ಹಾಕಿದಾಗ ತೆವಳಿತು. ಒರಿಜಿನಲ್ ಬೇರೆ ಇಟ್ಟು, 1920 ಪಿಕ್ಸೆಲ್ ಅಗಲಕ್ಕೆ ಇಳಿಸಿದ ಕಾಪಿಗಳನ್ನು ಹಾಕಿದ ಮೇಲೆ ಸರಾಗವಾಗಿ ಓಡಿತು.

ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂತರು. ಒಂದೊಂದು ಫೋಟೋಗೂ ಐದು ಸೆಕೆಂಡ್ ಇಟ್ಟಿದ್ದೆ. ಮೊದಲನೆಯದು ತೋರಿಸಿದ ಕೂಡಲೇ ನಿಲ್ಲಿಸು ಅಂದರು.

"ಇದರಲ್ಲಿ ಹದಿನಾಲ್ಕು ಜನ ಇದ್ದಾರೆ ಕಣೋ. ಒಬ್ಬೊಬ್ಬರನ್ನೂ ಗುರುತು ಹಿಡಿಯೋಕೆ ಟೈಮ್ ಬೇಡ್ವಾ?"

ಇಪ್ಪತ್ತು ಸೆಕೆಂಡ್ ಮಾಡಿದೆ.