ಶಾಸಕರಿಗೆ ಮೀಸಲಾದ ಆಸನ

ಕೇಳುಗರೇ, ನಮಸ್ಕಾರ.

ವಿಜಯಪುರದಿಂದ ಪಂಢರಪುರಕ್ಕೆ ವಿಠ್ಠಲನ ದರ್ಶನಕ್ಕೆಂದು ಹೋಗುವ ನಮ್ಮ ಕಡೆಯವರಿಗೆ ಮಹಾರಾಷ್ಟ್ರದ ಎಸ್.ಟಿ., ಎಂದರೆ ರಾಜ್ಯ ಸಾರಿಗೆಯ ಬಸ್ಸು ಹೊಸದಲ್ಲ. ಅದರಲ್ಲಿ ಶಾಸಕರಿಗೆ ಮೀಸಲು ಎಂದು ಬರೆದ ಆಸನವಿರುತ್ತದೆ. ಚಿಕ್ಕಂದಿನಿಂದ ಆ ಅಕ್ಷರಗಳನ್ನು ಓದುತ್ತ ಬಂದಿದ್ದೇನೆ. ಅಲ್ಲಿ ಶಾಸಕರೊಬ್ಬರು ಕುಳಿತದ್ದನ್ನು ಮಾತ್ರ ಕಂಡಿಲ್ಲ. ಪಂಢರಪುರದ ಪಕ್ಕದ ಸಾಂಗೋಲಾ ತಾಲ್ಲೂಕಿನವರು ಕಂಡಿದ್ದರು. ಅವರ ಶಾಸಕ ಗಣಪತರಾವ್ ದೇಶಮುಖರು ಎಸ್.ಟಿ. ಬಸ್ಸಿನಲ್ಲಿಯೇ ಓಡಾಡುತ್ತಿದ್ದರು.

1962ರಲ್ಲಿ ಮೊದಲ ಗೆಲುವು, 2014ರಲ್ಲಿ ಹನ್ನೊಂದನೆಯದು. ಒಂದೇ ಕ್ಷೇತ್ರ, ಒಂದೇ ಕೆಂಬಾವುಟ. ಅವರದು ಶೇತಕರಿ ಕಾಮಗಾರ ಪಕ್ಷ. ಎಂದರೆ ರೈತರ ಮತ್ತು ಕೂಲಿಕಾರರ ಪಕ್ಷ. ಒಂದು ಕಾಲಕ್ಕೆ ಮಹಾರಾಷ್ಟ್ರದಲ್ಲಿ ದೊಡ್ಡ ವಿರೋಧ ಪಕ್ಷವಾಗಿದ್ದ ಅದು ಕರಗುತ್ತ ಬೆರಳೆಣಿಕೆಯ ಸದಸ್ಯರಿಗೆ ಇಳಿಯಿತು. ಎಷ್ಟೋ ಮಂದಿ ಅಧಿಕಾರವಿದ್ದ ಕಡೆಗೆ ನಡೆದರು. ದೇಶಮುಖರು ಕದಲಲಿಲ್ಲ. 1972ರಲ್ಲಿ ಸೋತರು, 1974ರ ಉಪಚುನಾವಣೆಯಲ್ಲಿ ಮರಳಿದರು. 1995ರಲ್ಲಿ ಸೋತರು, 1999ರಲ್ಲಿ ಮತ್ತೆ ಗೆದ್ದರು. ನಡುವೆ ಎರಡು ಬಾರಿ ಮಂತ್ರಿಯೂ ಆದರು. ಆದರೆ ನನಗೆ ದೊಡ್ಡದಾಗಿ ಕಾಣುವುದು ವಿರೋಧ ಪಕ್ಷದ ಸಾಲಿನಲ್ಲಿ ಅವರು ಕಳೆದ ದಶಕಗಳು.

ಸಾಂಗೋಲಾ ನಮ್ಮ ಜಿಲ್ಲೆಯಂತೆಯೇ ಮಳೆ ಕೈಕೊಡುವ ಸೀಮೆ. ಪಕ್ಕದ ಆಟಪಾಡಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ನಾಗನಾಥಅಣ್ಣಾ ನಾಯಕವಡಿ ಅವರು ಬರಪೀಡಿತ ತಾಲ್ಲೂಕುಗಳ ರೈತರನ್ನು ಕೂಡಿಸಿ ನೀರಿನ ಹೋರಾಟ ಕಟ್ಟಿದಾಗ ದೇಶಮುಖರು ಅವರ ಜೊತೆ ನಿಂತರು. ಕೃಷ್ಣೆಯ ನೀರು ಬಯಲಿನ ಕಬ್ಬಿಗೆ ಮಾತ್ರವಲ್ಲ, ಎತ್ತರದ ಒಣಭೂಮಿಗೂ ಸಲ್ಲಬೇಕು ಎಂಬುದು ಅವರ ಬೇಡಿಕೆ. ಕರಾಡದ ಬಳಿ ಟೆಂಭೂ ಎಂಬಲ್ಲಿ ನದಿಯಿಂದ ನೀರೆತ್ತಿ, ಹಂತ ಹಂತವಾಗಿ ಮೇಲೇರಿಸಿ ಸಾಂಗೋಲಾದವರೆಗೆ ತರುವ ಯೋಜನೆಗಾಗಿ ದೇಶಮುಖರು ವರ್ಷಗಟ್ಟಲೆ ಪಟ್ಟು ಹಿಡಿದರು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟೂ ಹೊಲಕ್ಕೆ ನೀರು ಬರಲು ಕಾದ ನಮ್ಮವರಿಗೆ ಆ ಹಟದ ಬೆಲೆ ತಿಳಿದಿದೆ. ಹನಿ ನೀರಿನಲ್ಲಿ ದಾಳಿಂಬೆ ಬೆಳೆದು ಹೆಸರಾದ ಸಾಂಗೋಲಾದಲ್ಲಿ ಅವರು ಕಟ್ಟಿದ ಸಹಕಾರಿ ನೂಲಿನ ಗಿರಣಿಯೂ ಇದೆ.

ವಯಸ್ಸಾಯಿತೆಂದು 2019ರಲ್ಲಿ ಅವರೇ ಸ್ಪರ್ಧೆಯಿಂದ ಹಿಂದೆ ಸರಿದರು. 2021ರ ಜುಲೈ 30ರಂದು ಸೊಲ್ಲಾಪುರದಲ್ಲಿ ತೀರಿಕೊಂಡಾಗ ತೊಂಬತ್ತು ದಾಟಿತ್ತು.

ಮುಂದಿನ ಬಾರಿ ಪಂಢರಪುರದ ಬಸ್ಸು ಹತ್ತಿದಾಗ ಆ ಆಸನವನ್ನೊಮ್ಮೆ ನೋಡಿ. ಪಕ್ಕದಲ್ಲಿ ಸಾಂಗೋಲಾದ ಹಿರಿಯರಿದ್ದರೆ ಗಣಪತ ಆಬಾ, ಎಂದರೆ ದೇಶಮುಖರ ಹೆಸರು ಹೇಳಿ ಮಾತಿಗೆ ತೊಡಗಿ. ನಮಸ್ಕಾರ.