ಪದವಿ ಮುಗಿದ ಮೇಲೆ ಅನಿಮೇಷನ್ ಕಲಿಯಬಯಸುವವರಿಗೆ

(ದೃಶ್ಯ: ಬೆಳಕಿನ ಪರದೆಯ ಮೇಲೆ ತೊಗಲುಗೊಂಬೆಯ ಕೈ ಮೇಲೇಳುತ್ತದೆ.)

ನಮಸ್ಕಾರ. ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಲ್ಲಿ ಪದವಿ ಮುಗಿಸಿ ಕಂಪ್ಯೂಟರ್ ಅನಿಮೇಷನ್ ಕ್ಷೇತ್ರಕ್ಕೆ ಹೋಗಬಯಸುವವರು ಮೊದಲು ಕೇಳುವುದು, ಬೆಂಗಳೂರಿನಲ್ಲಿ ಯಾವ ಕೋರ್ಸಿಗೆ ಸೇರಬೇಕು ಎಂದು. ಆ ಪ್ರಶ್ನೆಯನ್ನು ಕೆಲವು ತಿಂಗಳು ಮುಂದೂಡಿ ಎಂಬುದು ನಮ್ಮ ಸಲಹೆ. ಅನಿಮೇಷನ್ ಎಂಬುದು ಒಂದೇ ಕೆಲಸವಲ್ಲ. ಅದರೊಳಗಿನ ಯಾವ ಕೆಲಸ ನಿಮ್ಮ ಕೈಗೆ ಒಗ್ಗುತ್ತದೆ ಎಂದು ತಿಳಿಯುವ ಮೊದಲೇ ಮನೆಯವರು ಕೂಡಿಟ್ಟ ಹಣವನ್ನು ಶುಲ್ಕಕ್ಕೆ ಕಟ್ಟುವುದು ಸರಿಯಲ್ಲ.

ಪಾತ್ರದ ಆಕಾರವನ್ನು ರೂಪಿಸುವುದು ಮಾಡೆಲಿಂಗ್. ಆ ಆಕಾರದೊಳಗೆ ಮೂಳೆ, ಕೀಲುಗಳನ್ನು ಜೋಡಿಸುವುದು ರಿಗ್ಗಿಂಗ್. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ತಂದುಕೊಟ್ಟ ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಗೊಂಬೆಯ ಕೈಕಾಲುಗಳನ್ನು ಬಿಡಿಬಿಡಿಯಾಗಿ ಮಾಡಿ ದಾರದಿಂದ ಕೀಲು ಕಟ್ಟಿರುವುದರಿಂದಲೇ ಅದು ಕುಣಿಯುತ್ತದೆ, ಕೀಲು ತಪ್ಪಾದರೆ ಎಷ್ಟೇ ನುರಿತ ಕೈಯಲ್ಲೂ ಅದು ಸರಿಯಾಗಿ ಆಡದು. ರಿಗ್ ಆದ ಪಾತ್ರಕ್ಕೆ ಚಲನೆ ಕೊಡುವವರೇ ಅನಿಮೇಟರ್. ಬಣ್ಣ, ಬೆಳಕು, ಕಾಂಪೋಸಿಟಿಂಗ್ (ಬೇರೆಬೇರೆಯಾಗಿ ಮಾಡಿದ ಚಿತ್ರಗಳನ್ನು ಒಂದೇ ದೃಶ್ಯವಾಗಿ ಸೇರಿಸುವುದು) ಕೆಲಸಗಳಿಗೂ ಪ್ರತ್ಯೇಕ ಕಲಾವಿದರಿರುತ್ತಾರೆ.

(ದೃಶ್ಯ: ಪುಟಿಯುವ ಚೆಂಡು.)

ಕಲಿಕೆಗೆ ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶ ಸಾಕು. 2002ರಿಂದ ಮುಕ್ತ ತಂತ್ರಾಂಶವಾಗಿರುವ ಇದಕ್ಕೆ ಹಣ ಕೊಡಬೇಕಿಲ್ಲ. ಪುಟಿಯುವ ಚೆಂಡಿನಿಂದ ಆರಂಭಿಸಿ, ಅದರ ಭಾರ ನೋಡುವವರಿಗೆ ತಿಳಿಯುವಂತಾದ ನಂತರವಷ್ಟೇ ನಡಿಗೆಗೆ ಬನ್ನಿ. ತಲೆಯ ಮೇಲೆ ಕೊಡ ಹೊತ್ತ ಹೆಂಗಸಿನ ನಡಿಗೆಗೂ ಬರಿಗೈಯಲ್ಲಿ ಹೊರಟವಳ ನಡಿಗೆಗೂ ಇರುವ ವ್ಯತ್ಯಾಸವನ್ನು ಕಂಡು ಹಿಡಿದಿಡುವ ಕಣ್ಣು ಯಾವ ತಂತ್ರಾಂಶದಿಂದಲೂ ಬರುವುದಿಲ್ಲ, ಅದಕ್ಕಾಗಿ ದಿನವೂ ಜನರನ್ನು ಗಮನಿಸಿ ಚಿತ್ರಿಸಬೇಕು.

ಕಂಪ್ಯೂಟರಿನ ಲೆಕ್ಕವನ್ನೂ ತಿಳಿದಿರಿ. ಚಲಿಸುವ ದೃಶ್ಯದ ಒಂದೊಂದು ಬಿಡಿ ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 24 ಫ್ರೇಮ್‌ಗಳಂತೆ 10 ಸೆಕೆಂಡಿಗೆ 240 ಫ್ರೇಮ್‌ಗಳು ಬೇಕು; ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಅದನ್ನು ಅಂತಿಮ ಚಿತ್ರವಾಗಿ ರೂಪಿಸಲು, 5 ನಿಮಿಷ ಹಿಡಿದರೆ ಒಟ್ಟು 20 ಗಂಟೆ. ಆದ್ದರಿಂದ ಆರಂಭದಲ್ಲಿ ಬೆಳಕು, ಬಣ್ಣಗಳ ಆಡಂಬರ ಬೇಡ, ಬೂದುಬಣ್ಣದ ಪಾತ್ರದಲ್ಲೇ ಚಲನೆಯನ್ನು ತಿದ್ದಿ.

ಸ್ಟುಡಿಯೋದವರು ಅಂಕಪಟ್ಟಿಗಿಂತ ಮೊದಲು ನೋಡುವುದು ಶೋರೀಲ್ ಅನ್ನು, ಅಂದರೆ ನಿಮ್ಮ ಆಯ್ದ ಕೆಲಸಗಳ ಕಿರು ವಿಡಿಯೊವನ್ನು. ಅದು ಒಂದು ನಿಮಿಷ ಮೀರದಿರಲಿ, ಅತ್ಯುತ್ತಮ ಕೆಲಸವೇ ಮೊದಲು ಬರಲಿ. ಬೇರೆಯವರ ಮಾಡೆಲ್ ಅಥವಾ ರಿಗ್ ಬಳಸಿದ್ದರೆ ನಿಮ್ಮ ಪಾಲಿನ ಕೆಲಸ ಯಾವುದೆಂದು ಪರದೆಯ ಮೇಲೆಯೇ ಬರೆಯಿರಿ. ಇಷ್ಟು ಸಿದ್ಧವಾದ ಮೇಲೆ ಬೆಂಗಳೂರಿಗಷ್ಟೇ ಅಲ್ಲ, ಹೈದರಾಬಾದಿಗೂ ಅರ್ಜಿ ಕಳುಹಿಸಿ. ರಾಯಚೂರಿನವರಿಗಂತೂ ಅದೇ ಹತ್ತಿರದ ಊರು.